ಸಕೀನಾಬಿ ಒಲ್ಲೆನೆಂದ ಟಿಕೀಟು

ಹಜ್ಜಿಗೆ ಹೋಗಿದ್ದ ಪಿಂಜಾರ ಚಾಂದಪಾಶಾ ಕಮಲಾಪುರದ ಅಗಸೆ ಬಾಗಿಲಲ್ಲಿ ಗಾಡಿ ಇಳಿದಾಗ ಅರ್ಧ ಊರೇ ಅವನನ್ನು ಮುತ್ತಿತು. ಕೆಲವರು ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಹಲವರು ಖರ್ಜೂರಕ್ಕೆ ಕೈಯೊಡ್ಡಿದರು. ಭಾಗಮ್ಮನಿಗೆ ಎರಡೂ ಬೇಕಿರಲಿಲ್ಲ. ಆಕೆ ಸೀದಾ ಗಾಡಿಯ ಹಿಂಬದಿಗೆ ಹೋಗಿ, ಇಳಿಬಿಟ್ಟ ಕಂಬಳಿಯನ್ನೆತ್ತಿ ಒಳಗೆ ನೋಡಿದಳು. ಗಂಟುಗಳಿದ್ದವು, ಮನುಷ್ಯರಿರಲಿಲ್ಲ.

"ಸಕೀನಾ ಎಲ್ಲಿ?"

ಚಾಂದಪಾಶಾನ ಮುಖ ಸಣ್ಣದಾಯಿತು. "ಬರಲಿಲ್ರಿ ಅಕ್ಕ."

"ಬರಲಿಲ್ಲಂದ್ರ? ಟಿಕೀಟು ಮುಟ್ಟಲಿಲ್ಲೇನು?"

"ಮುಟ್ಟಿತ್ರಿ. ಆಕೀನೇ ಒಲ್ಲೆ ಅಂದಳು."

ಸಕೀನಾಬಿ ಭಾಗಮ್ಮನ ನೆರೆಮನೆಯಾಕೆ. ಮಕ್ಕಳಿಲ್ಲದ ವಿಧವೆ, ಕೂಸುಗಳಿಗೆ ಕುಂಚಿಗೆ ಹೊಲಿದು ಬದುಕಿದವಳು. ಗಂಡ ಬಿಟ್ಟುಹೋದ ತುಂಡು ಹೊಲ ಮಾರಿ, ಅಣ್ಣನನ್ನು ಜೊತೆ ಮಾಡಿಕೊಂಡು ಹಿಂದಿನ ವರ್ಷ ಮಕ್ಕಾಕ್ಕೆ ಹೋಗಿದ್ದಳು. ಅಲ್ಲಿ ವಾಂತಿಭೇದಿ ಬಡಿದು ಅಣ್ಣ ಸತ್ತ. ತಿರುಗಿ ಬರುವ ಖರ್ಚು ಇದ್ದದ್ದು ಅವನ ನಡುಪಟ್ಟಿಯಲ್ಲಿ. ರೋಗದ ಹೆಣದ್ದೆಂದು ಬಟ್ಟೆಬರೆಯನ್ನೆಲ್ಲ ಸುಟ್ಟರೋ, ಹೂಳುವವರೇ ಬಿಚ್ಚಿಕೊಂಡರೋ, ಅಂತೂ ಜಿದ್ದಾ ಬಂದರಿನಲ್ಲಿ ಹಡಗು ಹತ್ತುವ ಹೊತ್ತಿಗೆ ಸಕೀನಾಬಿಯ ಕೈಯಲ್ಲಿ ಸೂಜಿದಾರ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಈ ಸುದ್ದಿ ಕೇಳಿದಾಗ ಭಾಗಮ್ಮ ಮನೆಮನೆಗೆ ಹೋಗಿ ಹಿಡಿಜೋಳ ಎತ್ತಿದ್ದಳು. ಮೂಸಿ ನದಿ ಹೈದರಾಬಾದನ್ನು ಮುಳುಗಿಸಿ ಆಗಿನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಪರರ ಕಷ್ಟವೆಂದರೆ ಜನರ ಕೈ ಸಲೀಸಾಗಿ ಬಿಚ್ಚುತ್ತಿತ್ತು. ಕಲಬುರಗಿಯಲ್ಲಿ ದರ್ಗಾದ ಸುತ್ತಲಿನ ರೋಜಾ ಕೇರಿಯಲ್ಲಿ ಒಂದು ಅಂಜುಮನ್ ಇತ್ತು. ನಿಜಾಮರ ಸೀಮೆಯವರು ಪರದೇಶದಲ್ಲಿ ಕೈಕಾಲು ಸೋತು ಕುಳಿತರೆ ಅವರನ್ನು ಊರು ಮುಟ್ಟಿಸುವುದೇ ಅದರ ಕೆಲಸ. ಜೋಳದ ಚೀಲಗಳು ಅಲ್ಲಿಗೆ ಹೋದವು, ಅಲ್ಲಿಂದ ಜಿದ್ದಾದಲ್ಲಿದ್ದ ಅದರ ಮುನ್ಶಿಗೆ ಟಿಕೀಟು ಕೊಡಲು ಹುಕುಂ ಹೋಯಿತು. ಕಮಲಾಪುರದವರು ತಮ್ಮ ಬೆನ್ನು ತಾವೇ ತಟ್ಟಿಕೊಂಡು ಹಾಯಾಗಿದ್ದರು.

"ಮುನ್ಶಿ ಟಿಕೀಟು ಕೈಯಾಗ ಇಟ್ಟ," ಎಂದ ಚಾಂದಪಾಶಾ. "ಇದು ಯಾವ ರೊಕ್ಕದ್ದು ಅಂತ ಕೇಳಿದಳು. ಖೈರಾತದ್ದು ಅಂದ. ತಿರುಗಿ ಅವನ ಕೈಯಾಗ ಇಟ್ಟುಬಿಟ್ಟಳು. ನಾವು ಸೈಯದರು, ಖೈರಾತ ನಮಗ ಹರಾಮು ಅಂದಳು."

ಗುಂಪಿನಲ್ಲಿ ಗುಜುಗುಜು ಎದ್ದಿತು. ನಾವು ಕೊಟ್ಟ ಜೋಳ ಹರಾಮಾಯಿತೇ ಎಂದು ಒಬ್ಬ ಮೀಸೆ ತಿರುವಿದ. ಕೈಯಲ್ಲಿ ಕಾಸಿಲ್ಲದಿದ್ದರೂ ಹಮ್ಮು ನೋಡು ಎಂದು ಇನ್ನೊಬ್ಬಳು ಮೂಗು ಮುರಿದಳು. ಹಾಗೆ ನೋಡಿದರೆ ತಪ್ಪು ಕಮಲಾಪುರದವರದೇ. ಪೈಗಂಬರರ ವಂಶದವರು ದಾನ, ಜಕಾತು ಮುಟ್ಟುವುದಿಲ್ಲವೆಂಬುದು ಊರಿನ ಎಳೆಮಕ್ಕಳಿಗೂ ಗೊತ್ತು. ಹಬ್ಬದ ದಿನ ಖೈರಾತು ಹಂಚುವಾಗ ಸಕೀನಾಬಿಯ ಬಾಗಿಲು ದಾಟಿ ಹೋಗುವುದನ್ನು ಎಲ್ಲರೂ ವರ್ಷವರ್ಷ ನೋಡಿದವರೇ. ಆದರೆ ಕೊಡುವ ಹುರುಪಿನಲ್ಲಿ ಯಾರಿಗೂ ಅದು ನೆನಪಾಗಲಿಲ್ಲ. ಮಠದ ದಾಸೋಹಕ್ಕೆ ಜೋಳ ಸುರಿದು ಬರುವವರಿಗೆ, ತಗೊಳ್ಳುವ ಕೈಗೂ ಒಂದು ನೇಮವಿರುತ್ತದೆ ಎಂದು ಯಾಕೆ ಹೊಳೆಯಬೇಕು?

"ಮುನ್ಶಿ ಭಲಾ ಮನುಷ್ಯ," ಚಾಂದಪಾಶಾ ಮುಂದುವರಿಸಿದ. "ನಿನಗ ಮಗ ಅದಾನೇನು ಅಂತ ಕೇಳಿದ. ಇದ್ರ ಹೇಳು, ಅವನೇ ಕರೆಸಿಕೊಂಡಂಗ ಆಗ್ತದ. ಮಗನ ಗಳಿಕೆ ತಾಯಿಗೆ ಖೈರಾತ ಅಲ್ಲ ಅಂದ."

"ಏನಂದಳು?"

"ಬಾಳ ಹೊತ್ತು ಸುಮ್ಮನ ಕುಂತಳು. ಆಮ್ಯಾಲ ಇಲ್ಲ ಅಂದಳು. ಹಂಗ ಬಿಟ್ಟು ಬಂದೀನ್ರಿ. ಮೈಯಾಗ ಜ್ವರ ಅದ, ಎಲಬು ಎಣಿಸೋ ಹಂಗ ಆಗ್ಯಾಳ. ಕೊನೀ ಹಡಗು ಇನ್ನೂ ಹೋಗಿಲ್ಲ. ಅದು ತಪ್ಪಿತಂದ್ರ ಮತ್ತ ಮುಂದಿನ ವರ್ಷದ ಮಾತು. ಅಲ್ಲೀತನ ಆಕಿ ಉಳಿಯಂಗಿಲ್ಲ."

ಅಷ್ಟು ಹೊತ್ತೂ ಗಟ್ಟಿಯಾಗಿ ನಿಂತಿದ್ದ ಭಾಗಮ್ಮ ಗಾಡಿಯ ಗಾಲಿ ಹಿಡಿದುಕೊಂಡಳು. ಬಾಳ ಹೊತ್ತು ಸುಮ್ಮನ ಕುಂತಳು ಎಂದನಲ್ಲ, ಆ ಹೊತ್ತಿನಲ್ಲಿ ಸಕೀನಾಬಿಯ ಮನಸ್ಸಿನಲ್ಲಿ ಏನಿತ್ತೆಂಬುದು ಆ ಗುಂಪಿನಲ್ಲಿ ಆಕೆಯೊಬ್ಬಳಿಗೇ ಗೊತ್ತಿತ್ತು.

ಪ್ಲೇಗು ಬಂದ ವರ್ಷ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಭಾಗಮ್ಮ ಹೆತ್ತದ್ದು ಅಂಥದೊಂದು ಗುಡಿಸಲಿನಲ್ಲಿ. ಗಂಡ ಅಣವೀರಪ್ಪ ಕಾಯಿಲೆ ಬಿದ್ದ ತಾಯಿಯನ್ನು ಹುಮನಾಬಾದಿಗೆ ಒಯ್ದಿದ್ದ. ಬಾಣಂತಿಗೆ ಜ್ವರ ಏರಿ ಮೈಮೇಲೆ ಎಚ್ಚರವಿಲ್ಲ, ಎದೆಯಲ್ಲಿ ಹನಿ ಹಾಲಿಲ್ಲ. ಕೂಸು ಅತ್ತೂ ಅತ್ತೂ ದನಿ ಬತ್ತಿ ಬರೀ ಬಾಯಿ ತೆರೆಯುತ್ತಿತ್ತು. ಪಕ್ಕದ ಹೊಲದ ಬದುವಿನಾಚೆ ಸಕೀನಾಬಿಯ ಗುಡಿಸಲು. ಅದೇ ವಾರ ಆಕೆಯ ಗಂಡನೂ ಹೋಗಿದ್ದ, ಹಸುಗೂಸು ಹೆಣ್ಣುಮಗುವೂ ಹೋಗಿತ್ತು. ಭಾಗಮ್ಮ ಕಣ್ಣು ಬಿಟ್ಟಾಗ ಕಂಡದ್ದು, ಕೊರಳಲ್ಲಿ ಲಿಂಗ ಕಟ್ಟಿದ್ದ ತನ್ನ ಮಗ ಸಕೀನಾಬಿಯ ಎದೆಗೆ ಬಾಯಿಟ್ಟು ಗುಟುಕು ಗುಟುಕಾಗಿ ಕುಡಿಯುತ್ತಿದ್ದದ್ದು. ಸಕೀನಾಬಿ ಅಳುತ್ತಿದ್ದಳು. "ನಿನ್ನ ಮಂದಿಗೆ ಗೊತ್ತಾದ್ರ ಇವನಿಗೆ ಕೇಡು. ನಾ ಸತ್ರೂ ಬಾಯಿ ಬಿಡಂಗಿಲ್ಲ, ಖಸಮ್," ಎಂದು ಕೂಸಿನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಜನ ಮತ್ತೆ ಊರಿಗೆ ಮರಳುವವರೆಗೂ, ಅಣವೀರಪ್ಪ ಹುಮನಾಬಾದಿನಿಂದ ಬರುವವರೆಗೂ ಆ ಕೂಸು ಸೂಗಪ್ಪ ಬೆಳೆದದ್ದು ಆ ಹಾಲಿನಲ್ಲೇ.

ಸತ್ತರೂ ಬಾಯಿ ಬಿಡುವುದಿಲ್ಲ ಎಂದವಳು ಈಗ ನಿಜಕ್ಕೂ ಸಾಯಲು ಕುಳಿತಿದ್ದಳು. ಭಾಗಮ್ಮನಿಗೆ ಸಿಟ್ಟು ಬಂತು. ಸಕೀನಾಬಿಯ ಮೇಲೂ ಬಂತು, ಇಷ್ಟು ವರ್ಷ ಆ ಖಸಮಿನ ನೆರಳಲ್ಲಿ ತಣ್ಣಗೆ ಕುಳಿತ ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಮನೆ ಮುಟ್ಟುವಷ್ಟರಲ್ಲಿ ಆಕೆ ನಿಶ್ಚಯ ಮಾಡಿಯಾಗಿತ್ತು.

ಅಣವೀರಪ್ಪ ಊಟಕ್ಕೆ ಕುಳಿತಿದ್ದ. ಕಾಳುಕಡಿ ವ್ಯಾಪಾರಿ, ನಾಲ್ಕು ಜನರೆದುರು ಮಾತಿಗೆ ತೂಕವಿದ್ದವನು. ಭಾಗಮ್ಮ ಮಗನನ್ನೂ ಕರೆದು ಕೂರಿಸಿ, ಸುತ್ತಿಬಳಸದೆ ಎಲ್ಲವನ್ನೂ ಹೇಳಿದಳು. ಅಣವೀರಪ್ಪನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

"ಇಷ್ಟು ವರ್ಷ ನನಗ್ಯಾಕ ಹೇಳಲಿಲ್ಲ?"

"ಅವತ್ತು ಹೇಳಿದ್ರ ನೀವು ಕುಡಿಸಾಕ ಬಿಡ್ತಿದ್ರೇನ್ರಿ?"

ಅಣವೀರಪ್ಪ ಸುಳ್ಳುಗಾರನಲ್ಲ. ಯೋಚಿಸಿದ. "ಇಲ್ಲ," ಎಂದ.

"ಮತ್ತ ಕೂಸು?"

ಉತ್ತರವಿಲ್ಲದ ಗಂಡಸರು ಮಾಡುವುದನ್ನೇ ಅವನೂ ಮಾಡಿದ. ದನಿ ಏರಿಸಿದ. "ಮಾಗಾಂವದ ದೌಲಪ್ಪನ ಮನೀಗೆ ಸೀರಿ-ಉಡಿ ಕೊಟ್ಟು ಬಂದೀವಿ. ಇದು ತಿಳಿದ್ರ ಅವ ಮಗಳನ್ನ ಕೊಡ್ತಾನೇನು? ಮಠದಾಗ ನಾ ಹ್ಯಾಂಗ ಮುಖ ತೋರಿಸಲಿ? ಬ್ಯಾರೆ ಯಾವ ಹಾದೀನೂ ಇಲ್ಲೇನು?"

"ಖೈರಾತದ ಹಾದಿ ಇತ್ತು, ಆಕಿ ಒಲ್ಲೆ ಅಂದಳು. ಮಗನ ಹಾದಿ ಒಂದೇ ಉಳದದ."

ಇಬ್ಬರೂ ಸೂಗಪ್ಪನ ಕಡೆ ನೋಡಿದರು. ಅವನಿಗೆ ಹದಿನಾರು, ಮೀಸೆ ಆಗಷ್ಟೇ ಚಿಗುರುತ್ತಿತ್ತು. "ಸಕೀನಾ ಖಾಲಾ ನಮ್ಮ ಹಿತ್ತಲಾಗ ಬಂದಾಗೊಮ್ಮೆ ನನ್ನ ತಲಿ ಸವರಿ ಹೋಗ್ತಿದ್ದಳು. ದೊಡ್ಡವನಾಗೀನಿ, ಸವರಬ್ಯಾಡ ಅಂತ ಒಮ್ಮೆ ಬೈದಿದ್ದೆ," ಎಂದ. ಆಮೇಲೆ ಎದ್ದು, "ಮಗನ ಗಳಿಕೆನೇ ಆಗಬೇಕಂದ್ರ ನನ್ನ ಹೋರಿ ಅದಲ್ಲ. ಅದನ್ನ ನಾನೇ ಸಾಕೀನಿ," ಎಂದು ಕೊಟ್ಟಿಗೆಗೆ ನಡೆದ.

ಮರುದಿನ ನಸುಕಿನಲ್ಲಿ ಗಾಡಿ ಕಲಬುರಗಿಗೆ ಹೊರಟಿತು. ಹಿಂದೆ ಹೋರಿ ಕಟ್ಟಿತ್ತು, ಸಾಕ್ಷಿಗೆಂದು ಚಾಂದಪಾಶಾ ಮುಂದೆ ಮೂಕಿಯ ಮೇಲೆ ಕುಳಿತಿದ್ದ. ಅಣವೀರಪ್ಪ ಬರುವುದಿಲ್ಲವೆಂದು ರಾತ್ರಿಯೆಲ್ಲ ಹೇಳಿದ್ದವನು, ಗಾಡಿ ಅಲುಗುವ ಹೊತ್ತಿಗೆ ತಲೆಗೆ ಪಟಗಾ ಸುತ್ತಿಕೊಂಡು ಬಂದು ಹತ್ತಿದ. ಹೆಂಡತಿಗೆ ಬೆನ್ನು ಮಾಡಿ ಕುಳಿತ. ಭಾಗಮ್ಮ ಆ ಬೆನ್ನಿನ ಸಂಗಡ ಮಾತಿಗಿಳಿಯಲಿಲ್ಲ. ಬಂದನಲ್ಲ, ಅಷ್ಟು ಸಾಕಾಗಿತ್ತು.

ಮಾಗಾಂವದಲ್ಲಿ ಆಕೆ ಗಾಡಿ ನಿಲ್ಲಿಸಿದಳು.

"ಇಲ್ಯಾಕ?" ಅಣವೀರಪ್ಪ ಬೆಚ್ಚಿದ.

"ಬೀಗರ ಮನಿ. ಊರ ಮಂದಿ ಬಾಯಿಂದ ಕೇಳಬಾರದು, ನನ್ನ ಬಾಯಿಂದ ಕೇಳಲಿ."

ದೌಲಪ್ಪ ಪಡಸಾಲೆಯಲ್ಲಿ ಕುಳಿತಿದ್ದ. ಅವನ ಹೆಂಡತಿ ಕಸ್ತೂರಿಬಾಯಿ ನಗುತ್ತ ಬಂದು ಕಾಲಿಗೆ ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಭಾಗಮ್ಮ ಬೆಲ್ಲ ಬಾಯಿಗಿಡಲಿಲ್ಲ. ನಿಂತುಕೊಂಡೇ ಹೇಳಿದಳು. ಹೇಳುತ್ತಿದ್ದಂತೆ ಕಸ್ತೂರಿಬಾಯಿಯ ನಗು ಎಲ್ಲಿ ಹೋಯಿತೋ. ದೌಲಪ್ಪ ಒಳ್ಳೆಯ ಮನುಷ್ಯನೇ. ಬೈಯಲಿಲ್ಲ, ಕೂಗಾಡಲಿಲ್ಲ.

"ನಮ್ಮ ಮಂದೀನ ಒಂದು ಮಾತು ಕೇಳ್ತೀವ್ರಿ ಅಕ್ಕಾರ," ಎಂದ.

ಆ ಮಾತಿನ ಅರ್ಥ ಭಾಗಮ್ಮನಿಗೆ ಚೆನ್ನಾಗಿಯೇ ಗೊತ್ತಿತ್ತು. ಆ ಮನೆಯ ಹುಡುಗಿಯನ್ನು ಆಕೆ ಮನಸಾರೆ ಮೆಚ್ಚಿದ್ದಳು, ಸೊಸೆಗೆಂದು ಕಟ್ಟಿದ ಕೌದಿ ಪೆಟ್ಟಿಗೆಯಲ್ಲಿತ್ತು. ಗಾಡಿ ಊರು ದಾಟಿದ ಮೇಲೆ ಸೆರಗು ಮುಖಕ್ಕೆ ಹಿಡಿದು ಅತ್ತಳು. ತಿರುಗೋಣವೇನು ಎಂದು ಅಣವೀರಪ್ಪ ಮುಖ ತಿರುಗಿಸದೆಯೇ ಕೇಳಿದ. "ಹೊಡೀರಿ ಗಾಡಿ," ಎಂದಳು.

ಹೋರಿಯನ್ನು ಕಲಬುರಗಿಯ ಪೇಟೆಯಲ್ಲಿ ಮಾರಿ ಅವರು ರೋಜಾ ಮುಟ್ಟಿದಾಗ ಬಿಸಿಲು ಇಳಿದಿತ್ತು. ಬಂದೇನವಾಜರ ದರ್ಗಾದ ಹಿಂದಿನ ಓಣಿಯಲ್ಲಿ ಅಂಜುಮನ್‌ನ ಕಚೇರಿ, ಅದೇ ಅದರ ಮುಖ್ಯಸ್ಥ ಖಮರುದ್ದೀನ್ ಸಾಹೇಬರ ಮನೆಯೂ ಹೌದು. ಬಿಳಿಗಡ್ಡದ, ಮೆತ್ತನೆ ದನಿಯ ಮನುಷ್ಯ. ಪರದೇಶದಲ್ಲಿ ಬಿದ್ದವರನ್ನು ಊರಿಗೆ ಕರೆತಂದು ಕರೆತಂದು, ಅದರ ಜೊತೆಗೆ ನೂರೆಂಟು ಸುಳ್ಳುಗಳನ್ನೂ ಕೇಳಿ ಪಳಗಿದ್ದರು. ಭಾಗಮ್ಮನ ಮಾತು ಮುಗಿದಾಗ ಅವರು ಕನ್ನಡಕ ತೆಗೆದು ಒರೆಸಿದರು.

"ಅಮ್ಮಾ, ಹಾಲು ಕುಡದವ ಮಗನೇ. ನಮ್ಮ ಶರೀಯತ್ತಿನಾಗ ಅದಕ್ಕ ಎರಡು ಮಾತಿಲ್ಲ. ಆದ್ರ ನೀವು ಆಕೀನ ಉಳಿಸಾಕ ಇದನ್ನ ಕಟ್ಟಿ ಹೇಳಾಕತ್ತೀರಿ ಅಂತ ನನಗ ಶಕ್ ಅದ. ಸೈಯದರ ಹೆಣ್ಣುಮಗಳಿಗೆ ಸುಳ್ಳು ಮಗನ್ನ ತೋರಿಸಿ ಕರೆಸಿದ್ರ ನಾ ಅಲ್ಲಾನ ಮುಂದ ಏನು ಹೇಳಲಿ?"

ಹೆಂಗಸರ ವಿಷಯ, ಕೇಳಲು ಅವರಿಗೆ ನಾಚಿಕೆ. ಪಡದೆಯ ಹಿಂದೆ ಕುಳಿತಿದ್ದ ಹೆಂಡತಿ ಇಕ್ಬಾಲ್ ಬೇಗಂಗೆ ಸನ್ನೆ ಮಾಡಿದರು. ಪಡದೆಯೊಳಗಿಂದ ಚುರುಕಾದ ದನಿ ಬಂತು.

"ಕೂಸು ಹೊಟ್ಟಿ ತುಂಬ ಕುಡೀತಿತ್ತೇನು, ಬರೀ ಬಾಯಿ ತೊಯಿಸಿದ್ದೇನು?"

"ಹೊಟ್ಟಿ ತುಂಬಿ ತುಟಿಯಾಗ ಹಾಲು ಇಟ್ಟುಕೊಂಡೇ ನಿದ್ದಿ ಹೋಗ್ತಿತ್ರಿ."

"ಸಕೀನಾಬಿ ಎದಿಗೆ ತಗೊಂಡಾಗ ನಿಮಗ ಹ್ಯಾಂಗಾಯ್ತು?"

ಇಂಥ ಪ್ರಶ್ನೆ ಭಾಗಮ್ಮ ಎಣಿಸಿರಲಿಲ್ಲ. ಗಂಡನೆದುರು, ಮಗನೆದುರು, ಪರಗಂಡಸರೆದುರು ಆಕೆ ತಲೆ ತಗ್ಗಿಸಿ ನಿಂತಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಮೊದಲನೇ ದಿನ ಕಾಲು ಹಿಡೀಬೇಕು ಅನಿಸ್ತು. ಆಮ್ಯಾಲಾಮ್ಯಾಲ ಕಸಗೋಬೇಕು ಅನಿಸ್ತಿತ್ರಿ. ಕೂಸು ನನ್ನ ಕಡಿ ಬಂದ್ರ ಅಳತಿತ್ತು, ಆಕಿ ಕಡಿ ಹೋದ್ರ ನಗತಿತ್ತು."

"ಸಾಹೇಬ್, ಇದು ಕಟ್ಟಿ ಹೇಳೋ ಮಾತಲ್ಲ," ಎಂದಿತು ಪಡದೆಯ ಹಿಂದಿನ ದನಿ.

ಅಷ್ಟಾದರೂ ಖಮರುದ್ದೀನ್ ಸಾಹೇಬರು ಅಣವೀರಪ್ಪನ ಕಡೆ ತಿರುಗಿದರು. "ಸೇಠ್‌ಜೀ, ನೀವು ಕಣ್ಣಿಲೆ ನೋಡಿಲ್ಲ. ನಿಮ್ಮ ಕುಲದ ಮರ್ಯಾದಿ ಮಾತದು. ನೀವೇನಂತೀರಿ?"

ಭಾಗಮ್ಮ ಗಂಡನ ಕಡೆ ನೋಡಿದಳು. ಇಲ್ಲ ಎಂದೊಂದು ಮಾತು ಅವನ ಬಾಯಿಂದ ಬಂದರೆ ಬಂದ ದಾರಿಯಲ್ಲೇ ತಿರುಗಿ ಹೋಗಬೇಕು, ಆ ಕೊನೆಯ ಹಡಗು ಕೈತಪ್ಪಿ ಹೋದಂತೆಯೇ. ಅಣವೀರಪ್ಪ ಪಟಗಾ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೆಳಗಿನಿಂದ ಮೊದಲ ಸಲ ಹೆಂಡತಿಯ ಮುಖ ನೋಡಿದ.

"ನನ್ನಿಂದ ಮುಚ್ಚಿಟ್ಟಾಳ, ಆ ಸಿಟ್ಟು ನನಗ ಇನ್ನೂ ಅದ. ಆದ್ರ ಇಕಿ ಸುಮ್ಮನಿರತಾಳ ಹೊರತು ಸುಳ್ಳು ಹೇಳಂಗಿಲ್ರಿ. ಬರಕೊಳ್ರಿ, ಅಣವೀರಪ್ಪನ ಮಗ ಸೂಗಪ್ಪ, ಸಕೀನಾಬಿಯ ಹಾಲು ಕುಡದ ಮಗ ಅಂತ."

ಖಮರುದ್ದೀನ್ ಸಾಹೇಬರು ಸೂಗಪ್ಪನನ್ನು ಹತ್ತಿರ ಕರೆದು, ತಂತಿಯ ತಾರು ನಿನ್ನ ಹೆಸರಿನಲ್ಲಿ ಹೋಗಬೇಕು, ತಾಯಿಗೆ ಏನು ಹೇಳುತ್ತೀಯ ಎಂದು ಕೇಳಿದರು. ಅವನು ನಾಚಿಕೊಂಡ. "ಹೋರಿ ಮಾರಿ ಟಿಕೀಟು ತಗದೀನಿ, ಬಾ ಅನ್ರಿ," ಎಂದ. ಅದೇ ಮಾತು ತಾರಿನಲ್ಲಿ ಮುಂಬಯಿಗೆ, ಅಲ್ಲಿಂದ ಜಿದ್ದಾಕ್ಕೆ ಹೋಯಿತು.

ಆಮೇಲಿನ ದಿನಗಳು ಸುಖದವಲ್ಲ. ಮಾಗಾಂವದಿಂದ ಸೀರೆ, ಉಡಿಯ ಸಾಮಾನು ತಿರುಗಿ ಬಂದವು. ಭಾಗಮ್ಮ ಸೀರೆಯನ್ನು ಪೆಟ್ಟಿಗೆಯಲ್ಲಿ ಕೌದಿಯ ಮೇಲಿಟ್ಟು ಮುಚ್ಚಿದಳು. ಬಾವಿಯ ಹತ್ತಿರ ಹೆಂಗಸರು ಆಕೆ ಬಂದಾಗ ಮಾತು ನಿಲ್ಲಿಸುತ್ತಿದ್ದರು. ಮಠದ ಅಯ್ಯನವರು ಮನೆತನಕ ಬಂದು, ಹುಡುಗನಿಗೆ ಶುದ್ಧಿ ಮಾಡಿಸಬೇಕೆಂದರು. ಅಣವೀರಪ್ಪ ಹೆಂಡತಿಯ ಸಂಗಡ ಇನ್ನೂ ನೆಟ್ಟಗೆ ಮಾತಾಡುತ್ತಿರಲಿಲ್ಲ, ಆದರೆ ಅಯ್ಯನವರಿಗೆ ಕೈಮುಗಿದು ಹೇಳಿದ, "ಹದಿನಾರು ವರ್ಷದ ಹಿಂದ ಕುಡದ ಹಾಲು ಈಗ ಎಲಬಾಗಿ ಬೆಳದದ್ರಿ ಅಪ್ಪಾರ. ಯಾವ ಎಲಬು ತಗೀಲಿ ಹೇಳ್ರಿ." ಒಳಗೆ ರೊಟ್ಟಿ ಬಡಿಯುತ್ತಿದ್ದ ಭಾಗಮ್ಮ ಅದನ್ನು ಕೇಳಿಸಿಕೊಂಡಳು. ಆ ಹೊತ್ತು ಗಂಡನಿಗೆ ಬೇಡವೆಂದರೂ ಕೇಳದೆ ತುಪ್ಪ ಸುರಿದಳು.

ಸಕೀನಾಬಿ ಹಡಗು ಹತ್ತಿದಳೋ ಇಲ್ಲವೋ ಎಂಬುದು ಮಾತ್ರ ತಿಳಿಯಲಿಲ್ಲ. ಆಕೆ ಖಸಮಿಗೆ ಅಂಟಿಕೊಂಡು ಅವನು ನನ್ನ ಮಗನಲ್ಲ ಎಂದುಬಿಟ್ಟರೆ? ಇಡೀ ಊರ ಬಾಯಿಗೆ ಬಿದ್ದದ್ದು ನೀರಲ್ಲಿ ಹೋಮವಾಗುತ್ತಿತ್ತು. ಆದರೂ ಭಾಗಮ್ಮ ಸಕೀನಾಬಿಯ ಮನೆಯ ಬೀಗ ತೆಗೆದು, ನೆಲ ಸಾರಿಸಿ, ಗೋಡೆಗೆ ಸುಣ್ಣ ಬಳಿದಳು. ಬರುವುದಿಲ್ಲವೆಂದು ಯಾರಾದರೂ ಹೇಳುವ ತನಕ ಬರುತ್ತಾಳೆಂದೇ ಆಕೆಯ ಲೆಕ್ಕ. ಸುಣ್ಣ ಒಣಗಿದ ಮೇಲೆ ರೋಜಾದಿಂದ ಆಳು ಬಂದ. ಸಕೀನಾಬಿ ಮುಂಬಯಿಯಲ್ಲಿ ಇಳಿದಿದ್ದಾಳೆ, ರೈಲು ಹತ್ತಿಸುತ್ತಾರೆ ಎಂದ.

ಕಲಬುರಗಿ ಸ್ಟೇಶನ್ನಿನಲ್ಲಿ ರೈಲು ನಿಂತಾಗ ಇಳಿದವರಲ್ಲಿ ಸಕೀನಾಬಿ ಕೊನೆಯವಳು. ಬುರ್ಖಾದೊಳಗೆ ಮನುಷ್ಯರಿದ್ದಾರೋ ಇಲ್ಲವೋ ಎನ್ನುವಷ್ಟು ಸೊರಗಿದ್ದಳು. ಡಬ್ಬಿಯ ಸರಳು ಹಿಡಿದು ಇಳಿದು, ಮುಸುಕು ಸರಿಸಿ, ಎದುರಿಗೆ ಬಂದ ಭಾಗಮ್ಮನನ್ನು ಕಣ್ಣು ಕೆಂಪಗೆ ಮಾಡಿ ನೋಡಿದಳು.

"ಯಾಕ ಹೇಳಿದಿ? ನಾ ಮಾತು ಉಳಿಸಿಕೊಂಡಿದ್ದೆ."

"ನಿನ್ನ ಮಾತು ಉಳೀತಿತ್ತು, ನೀ ಉಳೀತಿರಲಿಲ್ಲ."

"ಹುಡುಗನ ಲಗ್ನ?"

"ಮುರದು ಬಿತ್ತು. ಮತ್ತೊಂದು ಹುಡುಕೋಣಂತ. ನೀನೂ ಹುಡುಕು, ಮಗ ನಿನಗೂ ಆಗಬೇಕಲ್ಲ."

ಸಕೀನಾಬಿ ಮತ್ತೇನೋ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ತಂದೆಯ ಪಕ್ಕದಲ್ಲಿ ಅಳುಕುತ್ತ ನಿಂತಿದ್ದ ಸೂಗಪ್ಪ ಎರಡು ಹೆಜ್ಜೆ ಮುಂದೆ ಬಂದ. ಖಾಲಾ ಎಂದೇ ಕರೆದು ರೂಢಿಯಾದ ನಾಲಿಗೆ. ಒಮ್ಮೆ ಉಗುಳು ನುಂಗಿದ.

"ಯವ್ವಾ," ಎಂದ.

ಭಾಗಮ್ಮ ತಟ್ಟನೆ ತಿರುಗಿದಳು. ಹದಿನಾರು ವರ್ಷ ಆ ಕೂಗಿಗೆ ತಿರುಗಿದ ಕೊರಳು, ತಾನಾಗಿಯೇ ತಿರುಗಿತು. ಆದರೆ ಅವನು ನೋಡುತ್ತಿದ್ದದ್ದು ಆಕೆಯನ್ನಲ್ಲ. ಬೀಗರನ್ನು ಕಳೆದುಕೊಳ್ಳಲು ಆಕೆ ಸಿದ್ಧಳಾಗಿದ್ದಳು, ಊರ ಮಾತಿಗೆ ಸಿದ್ಧಳಾಗಿದ್ದಳು, ಗಂಡನ ಸಿಟ್ಟಿಗೂ ಸಿದ್ಧಳಾಗಿದ್ದಳು. ಇದೊಂದಕ್ಕೆ ಸಿದ್ಧಳಾಗಿರಲಿಲ್ಲ. ಗುಡಿಸಲಿನಲ್ಲಿ ಮಲಗಿ, ಕಸಿದುಕೊಳ್ಳುವ ಬಲವಿಲ್ಲದೆ ಮಗನ ನಗುವನ್ನು ದೂರದಿಂದ ನೋಡಿದ ಆ ದಿನಗಳ ಸಂಕಟ ಮತ್ತೆ ಎದ್ದಿತು.

ಆ ಮಾತಿನಿಂದ ಸಕೀನಾಬಿಯನ್ನು ಯಾರೂ ಎಂದೂ ಕರೆದಿರಲಿಲ್ಲ. ಕರೆದದ್ದು ತನ್ನನ್ನೇ ಹೌದೋ ಅಲ್ಲವೋ ಎಂದು ತಿಳಿಯದೆ, ಅಪ್ಪಣೆ ಕೇಳುವವಳಂತೆ ಭಾಗಮ್ಮನ ಮುಖ ನೋಡಿದಳು.

ಭಾಗಮ್ಮ ಹಲ್ಲು ಕಚ್ಚಿ ತನ್ನ ಸಂಕಟ ನುಂಗಿಕೊಂಡಳು. ಸಕೀನಾಬಿಯ ಬೆನ್ನ ಮೇಲೆ ಕೈಯಿಟ್ಟು ಮಗನ ಕಡೆ ಮೆಲ್ಲಗೆ ನೂಕಿದಳು.

"ನಿನ್ನನ್ನೇ ಕರ್ಯಾಕತ್ಯಾನ," ಎಂದಳು. "ಓ ಅನ್ನು."